ಹದಿನಾಲ್ಕು ದಿನದ ಚೀಟಿ

"ನಾ ಬರ್ಲಾಕತ್ತೀನಿ. ಯಾರಿಗೂ ಹೇಳಬ್ಯಾಡ."

2024ರ ಜುಲೈ ತಿಂಗಳ ಒಂದು ರಾತ್ರಿ ಅಣ್ಣ ಫೋನಿನಲ್ಲಿ ಹೇಳಿದ ಮಾತಿದು. ನಮ್ಮಲ್ಲಿ ಒಂದೂವರೆ ಗಂಟೆ, ಅಂದರೆ ಶಾರ್ಜಾದಲ್ಲಿ ಆಗಷ್ಟೇ ಹನ್ನೆರಡು. ನಾನು ವಿಜಯಪುರದ ಬಾಡಿಗೆ ಕೋಣೆಯಲ್ಲಿ ಎರಡನೇ ಸೆಮಿಸ್ಟರಿನ ಗಣಿತದ ಪುಸ್ತಕ ತೆರೆದು ಕುಳಿತಿದ್ದೆ. ಅಣ್ಣನ ದನಿ ಕೇಳಿದ ಮೇಲೆ ಗಣಿತ ಅಲ್ಲಿಗೇ ನಿಂತಿತು.

"ಯಾಕಣ್ಣಾ, ಏನಾತು?"

"ಆಗೂದೇನೈತಿ? ಎಲೆಕ್ಟ್ರಿಷಿಯನ್ ಅಂತ ಕರಕೊಂಡು ಬಂದ್ರು. ನಾಕ್ ತಿಂಗಳಾತು, ಟೆಸ್ಟರ್ ಕೈಯಾಗ ಹಿಡದಿಲ್ಲ. ಎ.ಸಿ. ಡಕ್ಟಿನೊಳಗ ಹೊಕ್ಕು ಧೂಳ ತೆಗಿಯೂದು, ಸಾಮಾನ ಹೊರೂದು, ಇಷ್ಟ. ಇನ್ನೊಂದ್ ದಿನ ಇದ್ರ ನನಗ ಏನರ ಆಗ್ತೈತಿ ತಮ್ಮಾ."

ಆಗ ನನಗೆ ಹದಿನೆಂಟು ವರ್ಷ. ಆ ವಯಸ್ಸಿನ ತಮ್ಮ ಏನು ಹೇಳುತ್ತಾನೋ ಅದನ್ನೇ ಹೇಳಿದೆ. "ಬಂದ್‌ಬಿಡು. ಟಿಕೆಟ್ ನಾ ತೆಗಸ್ತೀನಿ." ಲ್ಯಾಪ್‌ಟಾಪ್ ಕೊಳ್ಳಲೆಂದು ಕೂಡಿಟ್ಟ ದುಡ್ಡಿನಲ್ಲಿ ಅದೇ ರಾತ್ರಿ ಶಾರ್ಜಾದಿಂದ ಹೈದರಾಬಾದಿಗೆ ಟಿಕೆಟ್ ತೆಗೆಸಿದೆ. ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. "ಕಂಪನಿಯವರಿಗೆ ಹೇಳಿದಿಯೇನು?" ಅದನ್ನು ನಾನು ಕೇಳಲಿಲ್ಲ. ಈ ಲೇಖನ ಬರೆಯುತ್ತಿರುವುದು ಆ ಕೇಳದ ಪ್ರಶ್ನೆಗಾಗಿ.

ದುಡಿಯಲು ಹೋದವರ ಊರು

ನಮ್ಮದು ತಿಕೋಟಾ ಕಡೆಯ ಹಳ್ಳಿ. ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ಹೊರಟರೆ ಎರಡೂ ಬದಿಗೆ ದ್ರಾಕ್ಷಿ ಪಡಗಳು ಕಾಣುತ್ತವಲ್ಲ, ಅವುಗಳ ನಡುವೆ ನಮ್ಮದೂ ಎರಡು ಎಕರೆ. ಮಳೆ, ಬೆಲೆ ಎರಡೂ ಕೂಡಿ ಬಂದ ವರ್ಷ ಮನೆ ನಡೆಯುತ್ತದೆ. ಕೂಡಿ ಬರದ ವರ್ಷ ಮನೆಯಿಂದ ಯಾರಾದರೊಬ್ಬರು ಹೊರಗೆ ಹೋಗಬೇಕು. "ನಿಮ್ಮ ಮಗ ಎಲ್ಲಿದಾನ್ರೀ?" ಎಂದರೆ ನಮ್ಮ ಕಡೆ ಸಿಗುವ ಉತ್ತರ "ದುಡಿಲಾಕ ಹೋಗ್ಯಾನ." ಮೊದಲು ಅದರರ್ಥ ಗೋವಾ, ಪುಣೆ, ಮುಂಬೈ. ಈಗ ದುಬೈ, ದೋಹಾ, ಕುವೈತ್‌ಗಳೂ ಸೇರಿವೆ.

ಹೊರದೇಶದ ನೌಕರಿ ಈ ನೆಲಕ್ಕೆ ಹೊಸದೂ ಅಲ್ಲ. ವಿಜಯಪುರವನ್ನು ರಾಜಧಾನಿ ಮಾಡಿಕೊಂಡ ಆದಿಲಶಾಹಿಯ ಮೂಲಪುರುಷ ಯೂಸುಫ್ ಆದಿಲ್ ಖಾನ್ ಕೂಡ ಹೊರದೇಶದಿಂದ ಬಹಮನಿ ಸುಲ್ತಾನರ ಚಾಕರಿಗೆ ಬಂದವನೇ. ಅವನಿಗೆ ಇಲ್ಲಿ ರಾಜ್ಯ ಸಿಕ್ಕಿತು. ನಮ್ಮಣ್ಣನಿಗೆ ಅಲ್ಲಿ ಸಿಕ್ಕಿದ್ದು ಡಕ್ಟಿನೊಳಗಿನ ಧೂಳು.

ಅಣ್ಣ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದವನು. ಇಂಡಿ ಕಡೆಯ ಅವನ ಗೆಳೆಯನೊಬ್ಬ ಶಾರ್ಜಾದ ಕಟ್ಟಡ ನಿರ್ವಹಣೆಯ ಕಂಪನಿಯೊಂದರಲ್ಲಿದ್ದ. "ನಮ್ಮೂರ ಕಡಿ ಹುಡುಗ, ಭಾಳ ಚಲೋ ಕೆಲಸ ಮಾಡ್ತಾನ" ಎಂದು ಸೂಪರ್‌ವೈಸರ್ ಮುಂದೆ ಅವನೇ ಮಾತು ಕೊಟ್ಟ. ಕಾಗದಪತ್ರ ಮುಂಬೈನ ಏಜೆಂಟ್ ಮಾಡಿಸಿದ. ಅದಕ್ಕೆ 85 ಸಾವಿರ ರೂಪಾಯಿ. ಅವ್ವ ಸಂಘದಲ್ಲಿ ಸಾಲ ಎತ್ತಿ ಕೊಟ್ಟಳು. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ ಎಂಬುದು ಭಾರತ ಸರ್ಕಾರದ ನಿಯಮ. ಇದು ನಮಗೆ ಗೊತ್ತಾಗಿದ್ದು ದುಡ್ಡು ಕೊಟ್ಟು ವರ್ಷವಾದ ಮೇಲೆ.

2024ರ ಮಾರ್ಚ್ ಮೊದಲ ವಾರ ಅಣ್ಣ ಹೋದ. ತಿಂಗಳಿಗೆ 1,800 ದಿರ್ಹಮ್. ಒಪ್ಪಂದದಲ್ಲಿ ಹುದ್ದೆಯ ಮುಂದೆ "ಎಲೆಕ್ಟ್ರಿಷಿಯನ್" ಎಂದೇ ಇತ್ತು. ಪ್ರೊಬೇಷನ್ ಆರು ತಿಂಗಳು. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಕಂಪನಿ ಆ ನಿಯಮವನ್ನು ಪಾಲಿಸುತ್ತಿತ್ತು. "ಡಕ್ಟಿನೊಳಗ ಬಿಸಿಲ ಬೀಳೂದಿಲ್ಲಲ್ಲ, ಅದಕ್ಕ ನಮಗ ಸೂಟಿ ಇಲ್ಲ" ಎಂದು ಅಣ್ಣ ಮೊದಮೊದಲು ನಗುತ್ತಲೇ ಹೇಳುತ್ತಿದ್ದ. ಜುಲೈ ಹೊತ್ತಿಗೆ ಆ ನಗು ಹೋಗಿತ್ತು.

ಬಂದ ದಿನದ ಹೋಳಿಗೆ

ಜುಲೈ 22ರಂದು ಅಣ್ಣ "ಹೊಟ್ಟಿ ನೋಯ್ತೈತಿ, ದವಾಖಾನಿಗೆ ಹೋಗಿ ಬರ್ತೀನಿ" ಎಂದು ಹೇಳಿ ಕೋಣೆಯಿಂದ ಹೊರಬಿದ್ದ. ಒಂದು ಬ್ಯಾಗು, ಪಾಸ್‌ಪೋರ್ಟು. ಪಾಸ್‌ಪೋರ್ಟ್ ಅವನ ಕೈಯಲ್ಲೇ ಇತ್ತು, ಕೆಲಸಗಾರನ ದಾಖಲೆಗಳನ್ನು ಕಂಪನಿ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ಕಾನೂನು. ವಿಮಾನ ಹತ್ತುವ ಮೊದಲು ಸಿಮ್ ತೆಗೆದು ಕಸದ ಡಬ್ಬಿಗೆ ಹಾಕಿದ. ಇಂಡಿಯ ಗೆಳೆಯನಿಗೂ ಹೇಳಲಿಲ್ಲ. ಹೇಳಿದರೆ ಅವನು ತಡೆಯುತ್ತಾನೆ ಎಂಬ ಭಯ.

ಹೈದರಾಬಾದಿನಿಂದ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ವಿಜಯಪುರಕ್ಕೆ ಬಂದಿಳಿದವನನ್ನು ಕರೆತರಲು ನಾನೇ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಗುರುತು ಸಿಗದಷ್ಟು ಸೊರಗಿದ್ದ. ಅವ್ವ ಏನೂ ಕೇಳಲಿಲ್ಲ, ಹೋಳಿಗೆ ಮಾಡಿದಳು. ಅಪ್ಪ ಮಾತ್ರ ಸಂಜೆ ಕಟ್ಟೆಯ ಮೇಲೆ ಕುಳಿತು ಒಂದೇ ಮಾತು ಹೇಳಿದ. "ನಡು ಹೊಲದಾಗ ಗಳೇ ಬಿಟ್ಟು ಬಂದಂಗಾತಲ್ಲೋ."

ನನಗೆ ಸಿಟ್ಟು ಬಂತು. ಮಗ ಜೀವಂತ ಬಂದಿದ್ದಾನೆ, ಇವರಿಗೆ ಗಳೇದ ಚಿಂತೆ ಅನ್ನಿಸಿತು. ಅಪ್ಪನ ಮಾತಿನ ಅರ್ಥ ತಿಳಿಯಲು ನನಗೆ ಎಂಟು ತಿಂಗಳು ಬೇಕಾಯಿತು.

ಎಂಟು ತಿಂಗಳ ನಂತರ ಓದಿದ ಕಾನೂನು

2025ರ ಮಾರ್ಚ್‌ನಲ್ಲಿ ಅಣ್ಣನಿಗೆ ಅಬುಧಾಬಿಯಿಂದ ಕೆಲಸ ಬಂತು. ಈ ಸಲ ನಿಜವಾದ ಎಲೆಕ್ಟ್ರಿಷಿಯನ್ ಕೆಲಸ. ವಿಡಿಯೊ ಕಾಲ್‌ನಲ್ಲಿ ಪ್ಯಾನೆಲ್ ಬೋರ್ಡ್ ವೈರಿಂಗಿನ ಪ್ರಶ್ನೆ ಕೇಳಿದರು, ಅಣ್ಣ ಪಟಪಟ ಉತ್ತರ ಹೇಳಿದ. ಸಂಬಳ 2,400 ದಿರ್ಹಮ್. ಅವ್ವ ಸಂಘದ ಸಾಲದ ಕಂತುಗಳ ಲೆಕ್ಕ ಶುರು ಮಾಡಿದಳು. ಹತ್ತು ದಿನಕ್ಕೆ ಆ ಕಂಪನಿಯಿಂದ ಸಂದೇಶ ಬಂತು: ಕೆಲಸದ ಪರವಾನಗಿ ಸಿಗುತ್ತಿಲ್ಲ, ಹಿಂದಿನ ಕೆಲಸದ ತಕರಾರು ಇದೆ.

ಆಗ ನಾನು ಮೊದಲ ಬಾರಿಗೆ ಯುಎಇಯ ಕಾರ್ಮಿಕ ಕಾನೂನನ್ನು ಕುಳಿತು ಓದಿದೆ. 2021ರ 33ನೇ ಸಂಖ್ಯೆಯ ಕಾಯ್ದೆ ಅದು. 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಅದರ 9ನೇ ವಿಧಿ ಪ್ರೊಬೇಷನ್ ಬಗ್ಗೆ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ದೇಶದಿಂದ ಹೊರಡುವವನು ಕನಿಷ್ಠ 14 ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಅಲ್ಲೇ ಬೇರೆ ಕಂಪನಿ ಸೇರುವುದಾದರೆ ಒಂದು ತಿಂಗಳು ಮೊದಲು. ಇದನ್ನು ಪಾಲಿಸದೆ ದೇಶ ಬಿಟ್ಟವನಿಗೆ, ಬಿಟ್ಟ ದಿನದಿಂದ ಒಂದು ವರ್ಷ ಅಲ್ಲಿ ಕೆಲಸದ ಪರವಾನಗಿ ಇಲ್ಲ.

ಹದಿನಾಲ್ಕು ದಿನ! ಐದನೇ ತಿಂಗಳಲ್ಲಿದ್ದ ಅಣ್ಣ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಕೊಟ್ಟು, ಇನ್ನೂ ಎರಡು ವಾರ ಹಲ್ಲು ಕಚ್ಚಿ ಇದ್ದಿದ್ದರೆ ಸಾಕಿತ್ತು. ಆ ಹದಿನಾಲ್ಕು ದಿನ ಉಳಿಸಲು ಹೋಗಿ ಒಂದು ವರ್ಷ ಕಳೆದುಕೊಂಡ. ಅಬುಧಾಬಿಯ ಕಂಪನಿ ಇನ್ನೂ ನಾಲ್ಕು ತಿಂಗಳು ಕಾಯುತ್ತದೆಯೇ? ಬೇರೆಯವರನ್ನು ತೆಗೆದುಕೊಂಡಿತು.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜುಲೈ ತಿಂಗಳ 22 ದಿನದ ಸಂಬಳ 1,320 ದಿರ್ಹಮ್, ಅಂದಿನ ದರದಲ್ಲಿ ಸುಮಾರು 30 ಸಾವಿರ ರೂಪಾಯಿ. ಒಪ್ಪಂದ ಮುಗಿದ 14 ದಿನಗಳೊಳಗೆ ಬಾಕಿ ಎಲ್ಲ ಚುಕ್ತಾ ಮಾಡಬೇಕೆಂದು ಅದೇ ಕಾನೂನು ಹೇಳುತ್ತದೆ. ಆದರೆ ಸಿಮ್ ಬಿಸಾಡಿ ಬಂದವನು ಯಾವ ಮುಖ ಇಟ್ಟುಕೊಂಡು ಕೇಳುತ್ತಾನೆ? ಅಣ್ಣ ಕೇಳಲೇ ಇಲ್ಲ.

ಹೇಳದೆ ಬಿಡುವ ಹಕ್ಕೂ ಇತ್ತು

ಕಾನೂನನ್ನು ಮುಂದೆ ಓದುತ್ತಾ ಹೋದಂತೆ ನನ್ನ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಅದರ 45ನೇ ವಿಧಿ, ನೋಟಿಸ್ ಕೊಡದೆಯೇ ಕೆಲಸ ಬಿಡಬಹುದಾದ ಸಂದರ್ಭಗಳನ್ನು ಹೇಳುತ್ತದೆ. ಅವು ನಾಲ್ಕು.

ಮಾಲೀಕ ಒಪ್ಪಂದದ ಕರ್ತವ್ಯಗಳನ್ನು ಪಾಲಿಸದಿದ್ದರೆ, ಉದಾಹರಣೆಗೆ ಸಂಬಳ ಕೊಡದಿದ್ದರೆ, ಬಿಡಬಹುದು. ಆದರೆ 14 ಕೆಲಸದ ದಿನ ಮೊದಲು ಅಲ್ಲಿಯ ಕಾರ್ಮಿಕ ಸಚಿವಾಲಯಕ್ಕೆ ತಿಳಿಸಿರಬೇಕು. ಮಾಲೀಕ ಅಥವಾ ಅವನ ಕಡೆಯವರು ಹಲ್ಲೆ, ಕಿರುಕುಳ ಮಾಡಿದ್ದರೆ ಬಿಡಬಹುದು. ಇದನ್ನು ಐದು ಕೆಲಸದ ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಕೆಲಸದ ಜಾಗದಲ್ಲಿ ಜೀವಕ್ಕೆ, ಆರೋಗ್ಯಕ್ಕೆ ಗಂಭೀರ ಅಪಾಯವಿದ್ದು ಮಾಲೀಕನಿಗೆ ಗೊತ್ತಿದ್ದೂ ಸರಿಪಡಿಸದಿದ್ದರೆ ಬಿಡಬಹುದು. ನಾಲ್ಕನೆಯದು: ಒಪ್ಪಂದದಲ್ಲಿ ಇರುವುದಕ್ಕಿಂತ ಪೂರ್ತಿ ಬೇರೆಯಾದ ಕೆಲಸವನ್ನು, ಕೆಲಸಗಾರನ ಲಿಖಿತ ಒಪ್ಪಿಗೆಯಿಲ್ಲದೆ ಮಾಡಿಸಿದರೆ. ತಾತ್ಕಾಲಿಕ ತುರ್ತಿಗೆ ಮಾತ್ರ ಇದರಿಂದ ವಿನಾಯಿತಿ.

ನಾಲ್ಕನೆಯದನ್ನು ಮೂರು ಸಲ ಓದಿದೆ. ಎಲೆಕ್ಟ್ರಿಷಿಯನ್ ಎಂದು ಬರೆದು ಡಕ್ಟ್ ತೊಳೆಸಿದ್ದು ಇದೇ ಅಲ್ಲವೇ? ಅಣ್ಣ ಸಚಿವಾಲಯದ ಆ್ಯಪ್‌ನಲ್ಲಿ ದೂರು ದಾಖಲಿಸಿದ್ದರೆ, ಡಕ್ಟಿನ ನಾಲ್ಕು ಫೋಟೊ, ದಿನದ ಡ್ಯೂಟಿ ಚೀಟಿ ಇಟ್ಟುಕೊಂಡಿದ್ದರೆ, ಅವನು ದೂರುದಾರನಾಗಿರುತ್ತಿದ್ದ. 1 ಲಕ್ಷ ದಿರ್ಹಮ್‌ವರೆಗಿನ ಕಾರ್ಮಿಕ ದಾವೆಗೆ ಅಲ್ಲಿ ಕೋರ್ಟ್ ಶುಲ್ಕವೂ ಇಲ್ಲ. 2024ರ ಜನವರಿಯಿಂದ 50 ಸಾವಿರ ದಿರ್ಹಮ್‌ವರೆಗಿನ ತಕರಾರುಗಳನ್ನು ಸಚಿವಾಲಯವೇ ತೀರ್ಮಾನಿಸುತ್ತದೆ. ಹೇಳದೆ ಬಂದಿದ್ದರಿಂದ ಕಂಪನಿಯ ಕಾಗದದಲ್ಲಿ ಅವನು "ಕೆಲಸಕ್ಕೆ ಬಾರದೆ ಕಾಣೆಯಾದವನು" ಆದ. ನ್ಯಾಯ ಅವನ ಕಡೆಗಿತ್ತು, ಕಾಗದ ಕಂಪನಿಯ ಕಡೆಗಿತ್ತು. ಕಚೇರಿಗಳು ಓದುವುದು ಕಾಗದವನ್ನು.

ಸೌದಿಯಲ್ಲಿ ದುಡಿದು ಬಂದ ನಮ್ಮೂರ ಹಿರಿಯರು ಇದಕ್ಕೆ "ಹುರೂಬ್" ಎನ್ನುತ್ತಾರೆ. ಕೆಲಸಗಾರ ಓಡಿಹೋದ ಎಂದು ಮಾಲೀಕ ದಾಖಲಿಸುವ ದೂರು ಅದು. "ಹುರೂಬ್ ಬಿತ್ತಂದ್ರ ಮುಗೀತು" ಎಂದು ಅವರು ಹೇಳುವಾಗ ಅದೇನೋ ಜ್ವರದ ಹೆಸರು ಎಂದುಕೊಂಡಿದ್ದೆ ಚಿಕ್ಕವನಿದ್ದಾಗ.

ಒಬ್ಬ ಬಿಟ್ಟರೆ ಮೂವರಿಗೆ ಪೆಟ್ಟು

ಇಷ್ಟೇ ಆಗಿದ್ದರೆ ನಮ್ಮ ಮನೆಯ ನಷ್ಟ ಎಂದು ಸುಮ್ಮನಿರಬಹುದಿತ್ತು. ಅಣ್ಣ ಬಂದ ಮಾರನೆಯ ದಿನ ಸೂಪರ್‌ವೈಸರ್ ಇಂಡಿಯ ಗೆಳೆಯನನ್ನು ಕರೆದು ಕೇಳಿದ: "ನೀನೇ ತಂದ ಹುಡುಗ, ಎಲ್ಲಿ?" ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಯಾರೂ ನಂಬಲಿಲ್ಲ. ಎರಡು ದಿನ ದವಾಖಾನೆಗಳಿಗೆ ಅಲೆದು ಅಣ್ಣನನ್ನು ಹುಡುಕಿದನಂತೆ. ಮೂರನೆಯ ದಿನ ನಮ್ಮಪ್ಪನಿಗೆ ಫೋನ್ ಮಾಡಿದ. ಅಣ್ಣ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದಾನೆ ಎಂದು ತಿಳಿದ ಮೇಲೆ ಒಂದು ಮಾತೂ ಆಡದೆ ಫೋನ್ ಇಟ್ಟ. ಇವತ್ತಿಗೂ ಅಣ್ಣನೊಡನೆ ಮಾತಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದು. ಅದೇ ಗೆಳೆಯನ ಮಾತಿನ ಮೇಲೆ ಬಬಲೇಶ್ವರದ ಇಬ್ಬರು ಹುಡುಗರ ಕಾಗದಗಳು ಆ ಕಂಪನಿಯ ಮೇಜಿನ ಮೇಲಿದ್ದವು. ಸಂದರ್ಶನ ಆಗಿತ್ತು, ವೀಸಾ ಬರುವುದಿತ್ತು. "ಆ ಕಡಿ ಹುಡುಗರು ಬ್ಯಾಡ" ಎಂದು ಕಂಪನಿ ಅವೆರಡನ್ನೂ ಬದಿಗೆ ಸರಿಸಿತು.

ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಈ ಬದಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಬದಿ ನಿಂತವರಿಗೆ ಕೇಳುತ್ತದೆ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಆಡಿದ ಆಟ ಅದು. ಶಾರ್ಜಾದಲ್ಲಿ ಅಣ್ಣ ಬಾಯಿ ಮುಚ್ಚಿಕೊಂಡು ಹೊರಟಿದ್ದು ಬಬಲೇಶ್ವರದಲ್ಲಿ ಹೀಗೆ ಕೇಳಿಸಿತು.

ನಮ್ಮ ಕ್ಯಾಂಪಸ್ಸಿನಲ್ಲಿ

"ನಾವು ಬಿಇ ಮಾಡುವವರು, ಗಲ್ಫಿಗೆ ಹೋಗುವುದಿಲ್ಲ" ಎಂದುಕೊಂಡವರು ಇದ್ದರೆ ಅವರಿಗೂ ಒಂದು ಮಾತು. ನಮ್ಮ ಸೀನಿಯರ್‌ಗಳಲ್ಲಿ ಬೆಂಗಳೂರಿನ ಕಂಪನಿಗೆ "ಬರ್ತೀನಿ" ಎಂದು ಆಫರ್ ಒಪ್ಪಿ, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡಿದವರಿದ್ದಾರೆ. ಮೂರು ತಿಂಗಳು ಕೆಲಸ ಮಾಡಿ ಸೋಮವಾರದಿಂದ ಹೋಗುವುದನ್ನೇ ನಿಲ್ಲಿಸಿದವರಿದ್ದಾರೆ. ಮುಂದಿನ ಕಂಪನಿ ರಿಲೀವಿಂಗ್ ಲೆಟರ್ ಕೇಳಿದಾಗಲೇ ಕಷ್ಟ ಗೊತ್ತಾಗುವುದು. ಭವಿಷ್ಯನಿಧಿಯ ಖಾತೆಯಲ್ಲಿ ಹಿಂದಿನ ಕಂಪನಿಯ ಹೆಸರು ಕುಳಿತಿರುತ್ತದೆ, "ಅಲ್ಲಿ ಇರಲೇ ಇಲ್ಲ" ಎನ್ನಲೂ ಬರುವುದಿಲ್ಲ.

ಬಾಂಡ್ ವಿಷಯವೂ ಹೀಗೆಯೇ. "ಬಾಂಡಿಗೆ ಕೋರ್ಟ್‌ನಲ್ಲಿ ಬೆಲೆ ಇಲ್ಲ" ಎಂಬ ಮಾತು ಹಾಸ್ಟೆಲ್‌ಗಳಲ್ಲಿ ಬಹಳ ಓಡಾಡುತ್ತದೆ. ನಮ್ಮ ರಾಜ್ಯದಲ್ಲೇ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣ ಓದಿದರೆ ಆ ಧೈರ್ಯ ಇಳಿಯುತ್ತದೆ. 2007ರಲ್ಲಿ ಅಲ್ಲಿ ಅಧಿಕಾರಿಯಾಗಿ ಸೇರಿದ ಒಬ್ಬರು ಕನಿಷ್ಠ ಮೂರು ವರ್ಷ ಇರುತ್ತೇನೆ, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡುತ್ತೇನೆ ಎಂದು ಬರೆದುಕೊಟ್ಟಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗಾಗಿ ರಾಜೀನಾಮೆ ಕೊಟ್ಟರು. 2 ಲಕ್ಷ ಕಟ್ಟಿ, ಆ ಷರತ್ತನ್ನೇ ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ಹೇಳಿತು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಕೆಲಸದಲ್ಲಿರುವ ಅವಧಿಗೆ ಇಂಥ ಷರತ್ತು ಹಾಕುವುದು 1872ರ ಕರಾರು ಕಾಯ್ದೆಗೆ ವಿರುದ್ಧವಲ್ಲ ಎಂದಿತು. ಎಲ್ಲ ಬಾಂಡ್‌ಗಳೂ ಇದೇ ತಕ್ಕಡಿಯಲ್ಲಿ ತೂಗುವುದಿಲ್ಲ, ಮೊತ್ತ ನ್ಯಾಯವೇ ಅಲ್ಲವೇ ಎಂದು ನೋಡಬೇಕಾಗುತ್ತದೆ. ಆದರೆ ಸಹಿ ಮಾಡಿದ್ದು ಬರೀ ಹಾಳೆ ಎಂದು ತಿಳಿಯಬೇಡಿ.

ಹಾಗಾದರೆ ನೌಕರ ಯಾವಾಗಲೂ ತಗ್ಗಿಯೇ ನಡೆಯಬೇಕೇ? ಕಂಪನಿಗಳು ಒಂದು ಇ-ಮೇಲ್‌ನಲ್ಲಿ ಸಾವಿರ ಜನರನ್ನು ತೆಗೆಯುವಾಗ ನಾವೇಕೆ ನಿಯಮ ಪಾಲಿಸಬೇಕು? ಅಣ್ಣ ಕೇಳಿದ ಪ್ರಶ್ನೆಯೇ ಇದು. ನನ್ನ ಹತ್ತಿರ ಇರುವುದು ಒಂದೇ ಉತ್ತರ. ದೊಡ್ಡವರು ನಿಯಮ ಮುರಿದರೆ ಅವರಿಗೆ ವಕೀಲರಿದ್ದಾರೆ. ನಮಗೆ ಇರುವುದು ನಾವು ಬರೆದು ಕೊಟ್ಟ, ದಿನಾಂಕ ಹಾಕಿದ ಆ ಒಂದು ಹಾಳೆ. ಅದು ಕಂಪನಿಗೆ ತೋರಿಸುವ ಮರ್ಯಾದೆ ಎನ್ನುವುದಕ್ಕಿಂತ ನಮ್ಮ ಕೈಯ ಆಯುಧ ಎನ್ನುವುದೇ ಸರಿ.

ಓಡಲೇಬೇಕಾದಾಗ

ಒಂದು ಮಾತು ಸ್ಪಷ್ಟವಾಗಿರಲಿ. ಎಲ್ಲ ಕಡೆ ಹದಿನಾಲ್ಕು ದಿನ ಕಾಯಿರಿ ಎಂದು ನಾನು ಹೇಳುತ್ತಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಯುದ್ಧಭೂಮಿಗೆ ತಳ್ಳಲ್ಪಟ್ಟ ಸುದ್ದಿಯನ್ನು 2024ರಲ್ಲಿ ನಾವೆಲ್ಲ ಓದಿದ್ದೇವೆ. ಅವರು ಮನೆ ಸೇರಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಡೇಟಾ ಎಂಟ್ರಿ ಕೆಲಸವೆಂದು ಹೋಗಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಥಾಯ್ಲೆಂಡ್ ಮೂಲಕ ಕರೆತರಲಾಯಿತು. ಅಂಥಲ್ಲಿ ನೋಟಿಸ್‌ನ ಮಾತೇ ಇಲ್ಲ. ಜೀವ ಮೊದಲು. ಹತ್ತಿರದ ಭಾರತೀಯ ರಾಯಭಾರ ಕಚೇರಿಗೆ ಸುದ್ದಿ ಮುಟ್ಟಿಸುವುದೇ ಮೊದಲ ಕೆಲಸ. ವಿದೇಶಾಂಗ ಸಚಿವಾಲಯದ "ಮದದ್" ಪೋರ್ಟಲ್ 2015ರಿಂದ ಇದೆ. ಊರಲ್ಲಿರುವ ಮನೆಯವರೂ ಅದರಲ್ಲಿ ದೂರು ಕೊಡಬಹುದು. ಆ ರಾತ್ರಿ ಟಿಕೆಟ್ ತೆಗೆಸಿದ ನಾನು, ಅದೇ ಮೊಬೈಲಿನಲ್ಲಿ ಆ ಪೋರ್ಟಲ್ ತೆರೆಯಬಹುದಿತ್ತು.

ಜೀವಕ್ಕೆ ಅಪಾಯ ಬೇರೆ, ಕೆಲಸ ಬೇಸರವಾಗುವುದು ಬೇರೆ, ಮೋಸ ಹೋಗುವುದು ಬೇರೆ. ಮೂರಕ್ಕೂ ದಾರಿ ಬೇರೆಬೇರೆ. ನಾವು ಮೂರಕ್ಕೂ ಒಂದೇ ದಾರಿ ಹಿಡಿಯುತ್ತೇವೆ: ಸಿಮ್ ಬಿಸಾಡುವುದು.

ಹೊರಡುವ ಮುನ್ನ, ಬಿಡುವ ಮುನ್ನ

ನನ್ನ ಹಾಗೆ ತಡವಾಗಿ ಓದುವವರಿಗಾಗಿ ನಾನು ಮಾಡಿಕೊಂಡ ಪಟ್ಟಿ ಇದು.

• ಒಪ್ಪಂದವನ್ನು ವಿಮಾನ ಹತ್ತುವ ಮೊದಲೇ ಓದಿ. ಹುದ್ದೆ, ಮೂಲ ವೇತನ, ಪ್ರೊಬೇಷನ್, ನೋಟಿಸ್ ಅವಧಿ ಈ ನಾಲ್ಕು ಸಾಲುಗಳ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ.

• ಏಜೆಂಟ್ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವಿದೇಶಕ್ಕೆ ಜನ ಕಳಿಸುವಂತಿಲ್ಲ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಬೇಕು. ಪಾಸಾದ ನಮ್ಮಂಥವರಿಗೆ ಅದು ಬೇಡ, ಆದ್ದರಿಂದಲೇ ನಮ್ಮ ಕಾಗದಗಳನ್ನು ಯಾರೂ ನೋಡುವುದಿಲ್ಲ. ನಾವೇ ನೋಡಿಕೊಳ್ಳಬೇಕು.

• ದೇಶಕ್ಕೊಂದು ನಿಯಮ. ಯುಎಇಯಲ್ಲಿ ಪ್ರೊಬೇಷನ್ ಮುಗಿದ ಮೇಲೆ ನೋಟಿಸ್ ಕನಿಷ್ಠ 30, ಗರಿಷ್ಠ 90 ದಿನ. ಕತಾರ್‌ನಲ್ಲಿ ಎರಡು ವರ್ಷದವರೆಗಿನ ಸೇವೆಗೆ ಒಂದು ತಿಂಗಳು, ಅದಕ್ಕೂ ಹೆಚ್ಚಾದರೆ ಎರಡು ತಿಂಗಳು. ಕುವೈತ್‌ನಲ್ಲಿ ತಿಂಗಳ ಸಂಬಳದವರಿಗೆ ಮೂರು ತಿಂಗಳು. ಈಗ ನಮ್ಮ ಹುಡುಗರು ಜರ್ಮನಿಯ ಕನಸು ಕಾಣುತ್ತಿದ್ದಾರೆ, ಅಲ್ಲಿ ಪ್ರೊಬೇಷನ್‌ನಲ್ಲಿ ಎರಡು ವಾರ, ನಂತರ ಕನಿಷ್ಠ ನಾಲ್ಕು ವಾರ.

• ನೋಟಿಸ್ ಅವಧಿ ಪೂರ್ತಿ ಇರಲಾಗದಿದ್ದರೆ ಕೇಳಿ. ಉಳಿದ ದಿನಗಳ ಸಂಬಳ ಬಿಟ್ಟುಕೊಟ್ಟು ಬೇಗ ಹೊರಡಲು ಕಂಪನಿ ಒಪ್ಪಬಹುದು. ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ.

• ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇ-ಮೇಲ್ ಕಳಿಸಿ. "ಇಂಥ ದಿನಾಂಕದಿಂದ ರಾಜೀನಾಮೆ ಕೊಡುತ್ತಿದ್ದೇನೆ, ನನ್ನ ಕೊನೆಯ ದಿನ ಇದು, ಬಾಕಿ ಚುಕ್ತಾ ಮಾಡಿ" ಎಂಬ ಮೂರು ಸಾಲು ಸಾಕು. ಇಂಗ್ಲಿಷ್ ಚೆಂದ ಇರಬೇಕಿಲ್ಲ, ದಿನಾಂಕ ಸರಿ ಇರಬೇಕು.

• ನಿಮಗಾಗಿ ಮಾತು ಕೊಟ್ಟವನಿಗೆ ಮೊದಲು ಹೇಳಿ. ಇದು ಯಾವ ಕಾನೂನಿನಲ್ಲೂ ಇಲ್ಲ.

ಬಬಲೇಶ್ವರದ ದಾರಿ

ಅಬುಧಾಬಿ ತಪ್ಪಿದ ಮೇಲೆ ಅಣ್ಣ ತಿಕೋಟಾ ಹತ್ತಿರದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿದ. ಒಣದ್ರಾಕ್ಷಿಯ ಪೆಟ್ಟಿಗೆಗಳ ನಡುವೆ ಕಂಪ್ರೆಸರ್ ಕಾಯುವ ಕೆಲಸ. ಈ ವರ್ಷ ಪುಣೆಯ ಕಾರ್ಖಾನೆಯೊಂದರಲ್ಲಿ ಪ್ಯಾನೆಲ್ ಬೋರ್ಡ್ ಕೆಲಸ ಸಿಕ್ಕಿತು. ಫೆಬ್ರುವರಿಯಲ್ಲಿ ಅಣ್ಣ ಒಂದು ಹಾಳೆಯ ಮೇಲೆ ನೋಟಿಸ್ ಬರೆದುಕೊಂಡು ಹೋಗಿ ಸಾವಕಾರರ ಕೈಗೆ ಕೊಟ್ಟ. ಅವರು ನಕ್ಕರು. "ಏ ಹುಚ್ಚಾ, ನಮ್ಮಲ್ಲಿ ಇದೆಲ್ಲ ಯಾಕೋ? ನಾಳಿಂದ ಬರೂದಿಲ್ಲ ಅಂದ್ರ ಆತು." "ಇರ್ಲಿ ತಗೋರಿ, ಮೂವತ್ತ್ ದಿನ ಇರ್ತೀನಿ. ಇನ್ನೊಬ್ಬವ್ನ ನೋಡ್ಕೋರಿ, ನಾನ ಕಲಸಿಕೊಟ್ಟು ಹೋಗ್ತೀನಿ" ಎಂದ ಅಣ್ಣ. ಸಾವಕಾರರು ನಗುವುದನ್ನು ನಿಲ್ಲಿಸಿ ಆ ಹಾಳೆ ಮಡಚಿ ಗಲ್ಲೆಯಲ್ಲಿಟ್ಟರು. ಕೊನೆಯ ದಿನ ಅನುಭವ ಪತ್ರ ಬರೆಸಿ, ಸೀಲು ಹಾಕಿ, ಕೇಳದೆಯೇ ಕೊಟ್ಟರು.

ಪುಣೆಗೆ ಹೋಗುವ ಹಿಂದಿನ ದಿನ ಅಣ್ಣ "ನಡಿ, ಬಬಲೇಶ್ವರಕ್ಕ ಹೋಗಿ ಬರೂನು" ಎಂದ. ನಮಗೆ ಆ ದಾರಿ ಹಿಡಿಯಲು ಒಂದೂವರೆ ವರ್ಷ ಧೈರ್ಯ ಬಂದಿರಲಿಲ್ಲ. ಆ ಇಬ್ಬರಲ್ಲಿ ಒಬ್ಬ ಈಗ ಹುಬ್ಬಳ್ಳಿಯಲ್ಲಿದ್ದಾನೆ. ಇನ್ನೊಬ್ಬ ಒಣದ್ರಾಕ್ಷಿ ಶೆಡ್ಡಿನಲ್ಲಿ ಸಿಕ್ಕ. ಬಲೆಗಳ ಮೇಲೆ ದ್ರಾಕ್ಷಿ ಹರವುತ್ತಿದ್ದವನು ಕೈ ಒರೆಸಿಕೊಂಡು ಬಂದ. ಅಣ್ಣ ಸುತ್ತುಬಳಸು ಮಾಡಲಿಲ್ಲ.

"ನಾ ಹೇಳದ ಬಂದಿದ್ದಕ್ಕ ನಿನ್ನ ಕೆಲಸ ಹೋತು. ನನ್ನ ತಪ್ಪು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಯ್ಯುತ್ತಾನೆ ಎಂದುಕೊಂಡು ನಾನು ನೆಲ ನೋಡುತ್ತಿದ್ದೆ. "ಆವಾಗ ಭಾಳ ಸಿಟ್ಟ ಬಂದಿತ್ತು" ಎಂದ ಕೊನೆಗೆ. "ನಮ್ಮಪ್ಪ ದನಾ ಮಾರಿ ರೊಕ್ಕ ಇಟ್ಟಿದ್ದ." ಮತ್ತೆ ಸುಮ್ಮನಾದ. ಆಮೇಲೆ ಶೆಡ್ಡಿನ ಒಳಗಿನಿಂದ ಚಹಾ ತರಿಸಿದ. ಚಹಾ ಕುಡಿಯುವಾಗ ನಾನು ಓದಿದ ಕಾನೂನಿನ ಮಾತು ಬಂತು. ಡಕ್ಟಿನ ಕೆಲಸ, 45ನೇ ವಿಧಿ, ಹದಿನಾಲ್ಕು ದಿನ ಎಲ್ಲ ಕೇಳಿಸಿಕೊಂಡ.

"ಹಂಗಾರ ಅದನ್ನೆಲ್ಲಾ ಬರದು ನನಗ ಕಳಸಲಾ ತಮ್ಮಾ. ಕತಾರ್‌ದಾಗ ಒಂದ್ ಕಡೆ ಕೇಳ್ಯಾರ."

ಅಂದು ರಾತ್ರಿ ಕೋಣೆಗೆ ಬಂದು ಈ ಪಟ್ಟಿಯನ್ನು ಬರೆದು ಅವನ ಮೊಬೈಲಿಗೆ ಕಳಿಸಿದೆ. ನಾಲ್ಕು ದಿನದ ನಂತರ ಅದು ನಮ್ಮದೇ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ಯಾರೋ ಬಬಲೇಶ್ವರದ ಹುಡುಗ ತನ್ನ ಮಾವನ ಮಗನಿಗೆ ಕಳಿಸಿ, ಅವನು ಇನ್ನೊಬ್ಬನಿಗೆ ಕಳಿಸಿ, ಸುತ್ತಿಕೊಂಡು ಬಂದಿತ್ತು. ಕೆಳಗೆ ಬರೆದವರ ಹೆಸರು ಇರಲಿಲ್ಲ. ಕೊನೆಯ ಸಾಲಿಗೆ ಮಾತ್ರ ಯಾರೋ ಇನ್ನೊಂದು ಸೇರಿಸಿದ್ದರು: "ಮನಿಯವರಿಗೂ ಮೊದಲ ಹೇಳ್ರಿ."